ಷೇರು ಇದೆ, ಒಳಗೆ ಪ್ರವೇಶ ಇಲ್ಲ: ಸ್ವಂತ ಕಂಪನಿಯಿಂದಲೇ ಹೊರಗೆ ಹಾಕಿದಾಗ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿಮೂರು ವರ್ಷ ದಿನಾ ಬೆಳಿಗ್ಗೆ ನಾನೇ ಬೀಗ ತೆಗೆದ ಗೇಟು ಅದು. ಆ ಸೋಮವಾರ ಸೆಕ್ಯುರಿಟಿಯವರು ಕಾರಿನ ಮುಂದೆ ಬಂದು ನಿಂತರು. "ಸಾರ್, ತಪ್ಪು ತಿಳ್ಕೋಬೇಡಿ. ನಿಮ್ಮನ್ನ ಒಳಗೆ ಬಿಡಬಾರದು ಅಂತ ಹೇಳಿದಾರೆ" ಅಂದರು. ನನ್ನ ಮುಖ ನೋಡಲಿಲ್ಲ. ಕೈಯಲ್ಲಿದ್ದ ರಿಜಿಸ್ಟರ್ ನೋಡುತ್ತಲೇ ಮಾತಾಡಿದರು.

ಪೀಣ್ಯದಲ್ಲಿ ಮೂವರು ಗೆಳೆಯರು ಸೇರಿ ಕಟ್ಟಿದ ಪ್ರೈವೇಟ್ ಲಿಮಿಟೆಡ್ ಕಂಪನಿ. ನನ್ನದು ಶೇ. 30, ಉಳಿದಿಬ್ಬರದು ಸೇರಿ ಶೇ. 70. ಹೆಸರು ಇಲ್ಲಿ ಬೇಡ. ಅಲ್ಲಿಂದ ಈಚೆಗೆ ಇದೇ ಕಷ್ಟದಲ್ಲಿರುವ ಎಷ್ಟೋ ಜನ ಫೋನ್ ಮಾಡುತ್ತಾರೆ, ಮತ್ತೆ ಮತ್ತೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ನನಗೆ ಗೊತ್ತಿರುವಷ್ಟು ಉತ್ತರ ಇಲ್ಲಿದೆ. ನಾನು ವಕೀಲನಲ್ಲ. ಇಲ್ಲಿ ಹೇಳಿರುವುದು 2013ರ ಕಂಪನಿ ಕಾಯ್ದೆಯ ಪ್ರಕಾರ, ಅದೂ ಸಣ್ಣ ಪ್ರೈವೇಟ್ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು.

ಡೈರೆಕ್ಟರ್ ಸ್ಥಾನದಿಂದ ತೆಗೆದರೆ ನನ್ನ ಷೇರೂ ಹೋಗುತ್ತದಾ?

ಇಲ್ಲ. ಷೇರು ನಿಮ್ಮ ಆಸ್ತಿ. ಡೈರೆಕ್ಟರ್ ಅನ್ನುವುದು ಹುದ್ದೆ. ಸಂಬಳ ಬರುತ್ತಿದ್ದರೆ ಅದು ಮೂರನೆಯದು, ಕೆಲಸದ ಒಪ್ಪಂದ. ಇವು ಮೂರೂ ಬೇರೆ ಬೇರೆ. ಸಣ್ಣ ಕಂಪನಿಗಳಲ್ಲಿ ಮೂರೂ ಒಂದೇ ವ್ಯಕ್ತಿಯ ಹತ್ತಿರ ಇರುವುದರಿಂದ ಒಂದು ಹೋದಾಗ ಎಲ್ಲವೂ ಹೋಯಿತು ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು.

ಅವರಿಗೆ ನನ್ನನ್ನು ತೆಗೆಯುವ ಅಧಿಕಾರ ಇದೆಯಾ?

ಇದೆ. ಈ ಮಾತು ಕೇಳಿದರೆ ಬೇಜಾರಾಗುತ್ತದೆ. ಆದರೂ ಮೊದಲೇ ತಿಳಿದಿರುವುದು ಒಳ್ಳೆಯದು. ಸೆಕ್ಷನ್ 169ರ ಪ್ರಕಾರ ಷೇರುದಾರರು ಸಾಮಾನ್ಯ ಬಹುಮತದಿಂದ ಡೈರೆಕ್ಟರ್ ಒಬ್ಬರನ್ನು ತೆಗೆಯಬಹುದು. ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು.

ಆದರೆ ಅದಕ್ಕೆ ಒಂದು ದಾರಿ ಇದೆ. ತೆಗೆಯಬೇಕು ಅನ್ನುವವರು ಕಂಪನಿಗೆ ವಿಶೇಷ ನೋಟಿಸ್ ಕೊಡಬೇಕು, ಅದೂ ಮೀಟಿಂಗ್‌ಗೆ ಕನಿಷ್ಠ 14 ದಿನ ಮೊದಲು. ಕಂಪನಿ ಅದರ ಪ್ರತಿಯನ್ನು ನಿಮಗೆ ಕಳಿಸಬೇಕು. ನೀವು ಬರವಣಿಗೆಯಲ್ಲಿ ಉತ್ತರ ಕೊಡಬಹುದು, ಅದನ್ನು ಎಲ್ಲ ಷೇರುದಾರರಿಗೆ ಕಳಿಸಿ ಅಂತ ಕೇಳಬಹುದು, ಮೀಟಿಂಗ್‌ನಲ್ಲಿ ಎದ್ದು ಮಾತಾಡಬಹುದು. ಇದಾವುದೂ ಇಲ್ಲದೆ, ಬೋರ್ಡ್ ರೂಮಿನಲ್ಲಿ ಇಬ್ಬರು ಕೂತು "ಇವತ್ತಿಂದ ಇವರು ಡೈರೆಕ್ಟರ್ ಅಲ್ಲ" ಅಂತ ಬರೆದುಕೊಂಡರೆ ಅದು ಈ ಸೆಕ್ಷನ್ನಿನ ತೆಗೆಯುವಿಕೆ ಅಲ್ಲವೇ ಅಲ್ಲ. ತೆಗೆಯುವುದು ಷೇರುದಾರರ ಮೀಟಿಂಗ್, ಬೋರ್ಡ್ ಅಲ್ಲ.

ದಾರಿ ಸರಿಯಾಗಿದ್ದ ಮಾತ್ರಕ್ಕೆ ಮಾಡಿದ್ದು ನ್ಯಾಯ ಅಂತಲೂ ಆಗುವುದಿಲ್ಲ. ಆ ವಿಷಯ ಮುಂದೆ ಬರುತ್ತದೆ.

"ನೀನೇ ರಾಜೀನಾಮೆ ಕೊಟ್ಟುಬಿಡು, ಮರ್ಯಾದೆ ಉಳಿಯುತ್ತೆ" ಅಂತಿದ್ದಾರೆ. ಕೊಡಲಾ?

ಬೇಡ. ದಯವಿಟ್ಟು ಬೇಡ. ಸಿಟ್ಟಿನಲ್ಲಿ ಒಂದು ಸಾಲಿನ ಇಮೇಲ್ ಹಾಕಿದರೂ ಅದನ್ನೇ ರಾಜೀನಾಮೆ ಅಂತ ತೋರಿಸುತ್ತಾರೆ. ಆಮೇಲೆ "ನನ್ನನ್ನು ಹೊರಗೆ ಹಾಕಿದರು" ಅನ್ನುವ ನಿಮ್ಮ ವಾದಕ್ಕೆ "ಅವರೇ ಹೋದರು" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಖಾಲಿ ಹಾಳೆ, ತಾರೀಖಿಲ್ಲದ ಪತ್ರ, ಷೇರು ವರ್ಗಾವಣೆ ಫಾರಂ, ಇವಾವುದಕ್ಕೂ ಸಹಿ ಹಾಕಬೇಡಿ. ಕಂಪನಿ ಶುರುವಾದಾಗ ಆಡಿಟರ್ ಕೇಳಿದರು ಅಂತ ಖಾಲಿ ಫಾರಂಗಳಿಗೆ ಸಹಿ ಹಾಕಿಕೊಟ್ಟಿದ್ದರೆ, ಅವನ್ನು ಬಳಸಲು ನಿಮ್ಮ ಒಪ್ಪಿಗೆ ಇಲ್ಲ ಅಂತ ಇವತ್ತೇ ಬರೆದು ಕಳಿಸಿ.

ಮೀಟಿಂಗ್‌ಗೆ ಕರೆಯಲೇ ಇಲ್ಲ. ಈಗ "ನೀವು ವರ್ಷವಿಡೀ ಬಂದಿಲ್ಲ, ಹುದ್ದೆ ತಾನಾಗೇ ಹೋಯಿತು" ಅಂತಾರೆ. ಹೌದಾ?

ಇದು ತುಂಬಾ ಕಡೆ ನಡೆಯುವ ಆಟ. ಹನ್ನೆರಡು ತಿಂಗಳಲ್ಲಿ ನಡೆದ ಒಂದೂ ಬೋರ್ಡ್ ಮೀಟಿಂಗ್‌ಗೆ ಹೋಗದಿದ್ದರೆ ಡೈರೆಕ್ಟರ್ ಸ್ಥಾನ ಖಾಲಿಯಾಗುತ್ತದೆ ಅಂತ ಸೆಕ್ಷನ್ 167 ಹೇಳುತ್ತದೆ. ರಜೆ ಕೇಳಿದ್ದರೂ ಬಿಡುವುದಿಲ್ಲ. ಹಾಗಾಗಿ ನೋಟಿಸ್ ಕಳಿಸದೆ ಒಂದು ವರ್ಷ ಕಾಯುತ್ತಾರೆ.

ಆದರೆ ಸೆಕ್ಷನ್ 173ರ ಪ್ರಕಾರ ಪ್ರತಿ ಡೈರೆಕ್ಟರಿಗೂ ಕನಿಷ್ಠ 7 ದಿನ ಮೊದಲು ಬರವಣಿಗೆಯಲ್ಲಿ ನೋಟಿಸ್ ಹೋಗಬೇಕು. ಕೈಯಲ್ಲಿ ಕೊಡಬಹುದು, ಅಂಚೆಯಲ್ಲಿ ಕಳಿಸಬಹುದು, ಇಮೇಲ್ ಮಾಡಬಹುದು. ನೋಟಿಸೇ ಬಂದಿಲ್ಲ ಅಂದರೆ "ಬರಲಿಲ್ಲ" ಅನ್ನುವ ಮಾತಿಗೆ ಬಲ ಇರುವುದಿಲ್ಲ. ನೀವು ಮಾಡಬೇಕಾದ್ದು ಇಷ್ಟೇ. ಎರಡು ತಿಂಗಳಿಗೊಮ್ಮೆ ಕಂಪನಿಗೆ ಇಮೇಲ್ ಹಾಕಿ: "ನಾನು ಬೋರ್ಡ್ ಮೀಟಿಂಗ್‌ಗೆ ಬರಲು ಸಿದ್ಧ ಇದ್ದೇನೆ, ನೋಟಿಸ್ ಬಂದಿಲ್ಲ, ವಿಳಾಸ ಇದು." ವಿಡಿಯೊ ಕರೆಯ ಮೂಲಕ ಭಾಗವಹಿಸುವುದಕ್ಕೂ ಕಾಯ್ದೆ ಅವಕಾಶ ಕೊಡುತ್ತದೆ. ಅದನ್ನೂ ಸೇರಿಸಿ ಬರೆಯಿರಿ.

ಹೊರಗೆ ಹಾಕಿದ ಮೊದಲ ವಾರ ಏನು ಮಾಡಬೇಕು?

ಗೇಟಿನ ಹತ್ತಿರ ಜಗಳ ಬೇಡ. ಮನೆಗೆ ಬಂದು ಕಾಗದ ಹುಡುಕಿ.

ಮೊದಲ ಕೆಲಸ: ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ಗೆ ಹೋಗಿ. ಸಣ್ಣ ಶುಲ್ಕ ಕಟ್ಟಿದರೆ ಯಾವ ಕಂಪನಿಯ ಸಾರ್ವಜನಿಕ ದಾಖಲೆಗಳನ್ನಾದರೂ ನೋಡಬಹುದು. ಡೈರೆಕ್ಟರ್ ಬದಲಾವಣೆಗೆ ಡಿಐಆರ್-12, ಹೊಸ ಷೇರು ಹಂಚಿಕೆಗೆ ಪಿಎಎಸ್-3, ವಾರ್ಷಿಕ ವಿವರಕ್ಕೆ ಎಂಜಿಟಿ-7 (ಸಣ್ಣ ಕಂಪನಿಯಾದರೆ ಎಂಜಿಟಿ-7ಎ). ಎಲ್ಲವನ್ನೂ ಇಳಿಸಿಕೊಳ್ಳಿ. ಫಾರಂಗಿಂತ ಅದಕ್ಕೆ ಲಗತ್ತಿಸಿದ ನಿರ್ಣಯದ ಪ್ರತಿಯನ್ನು ನಿಧಾನವಾಗಿ ಓದಿ. ತಾರೀಖು, ಸಮಯ, ಜಾಗ, ಯಾರು ಹಾಜರಿದ್ದರು ಅಂತ ಬರೆದಿರುತ್ತಾರೆ.

ನನ್ನ ವಿಷಯದಲ್ಲಿ ಗಂಟು ಬಿಚ್ಚಿದ್ದು ಅಲ್ಲೇ. ಒಂದು ಶುಕ್ರವಾರ ಬೆಳಿಗ್ಗೆ 11 ಗಂಟೆಗೆ ಪೀಣ್ಯದ ಆಫೀಸಿನಲ್ಲಿ ಮೀಟಿಂಗ್ ನಡೆಯಿತು, ನಾನೂ ಹಾಜರಿದ್ದೆ ಅಂತ ಬರೆದಿದ್ದರು. ಆ ದಿನ ನಾನು ಹಾಸನದಲ್ಲಿ ಅಕ್ಕನ ಮಗಳ ಮದುವೆಯಲ್ಲಿದ್ದೆ. ಬೆಳಿಗ್ಗೆ ಆರೂವರೆಗೆ ನೆಲಮಂಗಲ ಟೋಲ್ ದಾಟಿದ ಫಾಸ್ಟ್ಯಾಗ್ ಮೆಸೇಜ್ ಫೋನಿನಲ್ಲಿ ಹಾಗೇ ಇತ್ತು. ಹನ್ನೊಂದೂ ಹತ್ತಕ್ಕೆ ತೆಗೆದ ಫೋಟೋದಲ್ಲಿ ನಾನು ಪಂಚೆ ಉಟ್ಟು ಅಕ್ಷತೆ ಹಿಡಿದು ನಿಂತಿದ್ದೆ. ಆ ಎರಡು ಸಾಕ್ಷಿಗಳು ನೂರು ಪುಟದ ವಾದಕ್ಕಿಂತ ಜಾಸ್ತಿ ಕೆಲಸ ಮಾಡಿದವು. ಹಳೆಯ ಮೆಸೇಜ್, ಫೋಟೋ, ವಾಟ್ಸಾಪ್ ಏನನ್ನೂ ಅಳಿಸಬೇಡಿ.

ಎರಡನೆಯದು ಡಿಜಿಟಲ್ ಸಹಿಯ ಟೋಕನ್, ಅಂದರೆ ಆನ್‌ಲೈನ್ ಫಾರಂಗಳಿಗೆ ನಿಮ್ಮ ಸಹಿ ಹಾಕುವ ಪೆನ್ ಡ್ರೈವ್ ಥರದ್ದು. ಅದು ಆಡಿಟರ್ ಆಫೀಸಿನ ಡ್ರಾಯರಿನಲ್ಲಿ, ನಿಮ್ಮ ಹೆಸರಿನ ಚೀಟಿ ಅಂಟಿಸಿಕೊಂಡು ಬಿದ್ದಿರುತ್ತದೆ, ಅಲ್ವಾ? ಪಾಸ್‌ವರ್ಡ್ ಕೂಡ ಅದೇ ಚೀಟಿಯ ಮೇಲೆ. ವಾಪಸ್ ತೆಗೆದುಕೊಳ್ಳಿ. ಕೊಡದಿದ್ದರೆ ಅದನ್ನು ಕೊಟ್ಟ ಸಂಸ್ಥೆಗೆ ಬರೆದು ರದ್ದು ಮಾಡಿಸಿ. ಡೈರೆಕ್ಟರ್ ಕೆವೈಸಿಯಲ್ಲಿ ಇರುವ ಮೊಬೈಲ್, ಇಮೇಲ್ ನಿಮ್ಮದೇ ಹೌದಾ ಅಂತಲೂ ನೋಡಿ.

ಮೂರನೆಯದು ಬ್ಯಾಂಕ್. ಖಾತೆಯನ್ನೇ ನಿಲ್ಲಿಸಿ ಅಂತ ಪತ್ರ ಬರೆಯುವ ಆಸೆ ಬರುತ್ತದೆ. ತಿಂಗಳ ಕೊನೆಯಲ್ಲಿ ಕಾರ್ಮಿಕರ ಸಂಬಳ ನಿಲ್ಲುವಂಥ ಪತ್ರ ಬರೆಯಬೇಡಿ. ಅವರದೇನೂ ತಪ್ಪಿಲ್ಲ. ಹಣದ ದುರ್ಬಳಕೆ ಕಣ್ಣಿಗೆ ಕಾಣುತ್ತಿದ್ದರೆ ಟ್ರಿಬ್ಯೂನಲ್‌ನಲ್ಲಿ (ಕಂಪನಿ ಜಗಳಗಳನ್ನು ಕೇಳುವ ನ್ಯಾಯಮಂಡಳಿ, ಅದರ ವಿವರ ಮುಂದೆ ಇದೆ) ಮಧ್ಯಂತರ ಆದೇಶ ಕೇಳಿ.

ಡೈರೆಕ್ಟರ್ ಅಲ್ಲದಿದ್ದರೂ ಬರೀ ಷೇರುದಾರನಾಗಿ ನಾನು ಏನು ಕೇಳಬಹುದು?

ತುಂಬಾ ಕೇಳಬಹುದು. ಒಂದೇ ಷೇರು ಇದ್ದರೂ ವಾರ್ಷಿಕ ಸಭೆಗೆ ನೋಟಿಸ್ ಬರಬೇಕು. ಆರ್ಟಿಕಲ್ಸ್‌ನಲ್ಲಿ, ಅಂದರೆ ಕಂಪನಿಯ ಒಳನಿಯಮಗಳಲ್ಲಿ, ಬೇರೆ ಬರೆದಿರದಿದ್ದರೆ ಪೂರ್ತಿ 21 ದಿನ ಮೊದಲು. ಲೆಕ್ಕಪತ್ರದ ಪ್ರತಿ ಬರಬೇಕು. ಸದಸ್ಯರ ರಿಜಿಸ್ಟರ್ ನೋಡಬಹುದು. ಷೇರುದಾರರ ಸಭೆಯ ನಡಾವಳಿ ಪುಸ್ತಕ ನೋಡಿ ಪ್ರತಿ ಕೇಳಬಹುದು. ಕೇಳಿದ 7 ಕೆಲಸದ ದಿನಗಳಲ್ಲಿ ಕೊಡಬೇಕು. ಬೋರ್ಡ್ ಮೀಟಿಂಗ್‌ನ ನಡಾವಳಿ ಮತ್ತು ದಿನದ ಲೆಕ್ಕದ ಪುಸ್ತಕಗಳಿಗೆ ಮಾತ್ರ ಈ ಹಕ್ಕಿಲ್ಲ, ಅವು ಡೈರೆಕ್ಟರುಗಳಿಗೆ. ರಾಜೀನಾಮೆ ಬೇಡ ಅಂದದ್ದಕ್ಕೆ ಇದೂ ಒಂದು ಕಾರಣ.

ಶೇ. 10 ಇದ್ದರೆ ವಿಶೇಷ ಸಭೆ ಕರೆಯಿರಿ ಅಂತ ಬೋರ್ಡಿಗೆ ಹೇಳಬಹುದು. 21 ದಿನದಲ್ಲಿ ಅವರು ಕರೆಯದಿದ್ದರೆ ನೀವೇ ಕರೆಯಬಹುದು. ಶೇ. 25ಕ್ಕಿಂತ ಜಾಸ್ತಿ ಇದ್ದರೆ ನಿಮ್ಮ ಕೈಯಲ್ಲಿ ದೊಡ್ಡ ಅಸ್ತ್ರವೇ ಇದೆ. ಆರ್ಟಿಕಲ್ಸ್ ಬದಲಾಯಿಸಲು, ಹೊರಗಿನವರಿಗೆ ಷೇರು ಕೊಡಲು ವಿಶೇಷ ನಿರ್ಣಯ ಬೇಕು. ಅದಕ್ಕೆ ವಿರುದ್ಧ ಬಿದ್ದ ಮತದ ಮೂರರಷ್ಟು ಪರವಾಗಿ ಬೀಳಬೇಕು. ನೀವು ಹೋಗಿ ಬೇಡ ಅಂದರೆ ಅದು ಪಾಸಾಗುವುದಿಲ್ಲ.

ಶೇ. 30 ಇದ್ದ ನನ್ನ ಪಾಲು ಈಗ ಶೇ. 6 ಅಂತ ತೋರಿಸುತ್ತಿದೆ. ಹೇಗೆ?

ಹೊಸ ಷೇರು ಹುಟ್ಟಿಸಿ ತಮ್ಮ ಹೆಸರಿಗೆ ಹಾಕಿಕೊಂಡಿದ್ದಾರೆ. ಹುದ್ದೆಯಿಂದ ತೆಗೆದಿದ್ದಕ್ಕಿಂತ ಇದೇ ದೊಡ್ಡ ಪೆಟ್ಟು. ಆದರೆ ಇದನ್ನು ಟ್ರಿಬ್ಯೂನಲ್‌ನಲ್ಲಿ ತೋರಿಸುವುದು ಸುಲಭ, ಯಾಕೆಂದರೆ ಕಾಗದ ಇರುತ್ತದೆ.

ಸೆಕ್ಷನ್ 62ರ ಪ್ರಕಾರ ಹೊಸ ಷೇರನ್ನು ಮೊದಲು ಈಗಿರುವ ಷೇರುದಾರರಿಗೆ ಅವರ ಪಾಲಿನಷ್ಟೇ ಕೊಡಬೇಕು. ಪತ್ರ ಕಳಿಸಿ, ಯೋಚಿಸಲು ಸಮಯ ಕೊಡಬೇಕು. ಕಳ್ಳಾಟ ನಡೆಯುವುದು ಆ ಪತ್ರದಲ್ಲೇ. ನೀಲಗಿರಿಯ ಕೇತ್ತಿಯಲ್ಲಿದ್ದ ನೀಡಲ್ ಇಂಡಸ್ಟ್ರೀಸ್ ಕಂಪನಿಯ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಇಂಗ್ಲೆಂಡಿನ ಷೇರುದಾರ ಕಂಪನಿಗೆ ಬರೆದ ಪತ್ರದ ಮೇಲಿದ್ದ ತಾರೀಖು 1977ರ ಏಪ್ರಿಲ್ 14. ಲಕೋಟೆಯ ಮೇಲಿನ ಅಂಚೆ ಮುದ್ರೆ ಏಪ್ರಿಲ್ 27. ಅವರ ಕೈಗೆ ಸಿಕ್ಕಿದ್ದು ಮೇ 2ರಂದು, ಷೇರು ಹಂಚುವ ಮೀಟಿಂಗ್ ನಡೆದ ದಿನವೇ! 1981ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ದಬ್ಬಾಳಿಕೆ ಅನ್ನಲಿಲ್ಲ. ವಿದೇಶಿ ಪಾಲು ಇಳಿಸಲೇಬೇಕು ಅನ್ನುವ ಆಗಿನ ವಿದೇಶಿ ವಿನಿಮಯ ಕಾಯ್ದೆಯ ಒತ್ತಡ ಹಿಂದೆ ಇತ್ತು. ಆದರೂ ಸುಮ್ಮನೆ ಬಿಡಲಿಲ್ಲ. ಒಂದು ಷೇರಿಗೆ 90 ರೂಪಾಯಿಯಂತೆ 9,495 ಷೇರಿಗೆ 8,54,550 ರೂಪಾಯಿ ಕೊಡಿ ಅಂದಿತು. ದಬ್ಬಾಳಿಕೆ ಸಾಬೀತಾಗದಿದ್ದರೂ ನ್ಯಾಯ ಒದಗಿಸಬಹುದು ಅನ್ನುವ ಆ ಮಾತು ಇವತ್ತಿಗೂ ನಮ್ಮಂಥವರ ಕೈ ಹಿಡಿಯುತ್ತದೆ. ಲಕೋಟೆ ಬಿಸಾಕಬೇಡಿ. ಪತ್ರಕ್ಕಿಂತ ಲಕೋಟೆ ಮುಖ್ಯ ಆಗಬಹುದು.

ದಬ್ಬಾಳಿಕೆ ಅಂದರೆ ಏನು? ಬೋರ್ಡಿನಿಂದ ತೆಗೆದರೆ ಅದು ದಬ್ಬಾಳಿಕೆಯಾ?

ಸೆಕ್ಷನ್ 241 ದಬ್ಬಾಳಿಕೆ ಮತ್ತು ದುರಾಡಳಿತದ ವಿರುದ್ಧ ಅರ್ಜಿ ಹಾಕುವ ಹಕ್ಕು ಕೊಡುತ್ತದೆ. ಹೊರಗೆ ಹಾಕಿದ್ದು ದಬ್ಬಾಳಿಕೆ ಹೌದೋ ಅಲ್ಲವೋ ಅನ್ನುವುದು ಕಂಪನಿ ಎಂಥದ್ದು ಅನ್ನುವುದರ ಮೇಲೆ ನಿಂತಿದೆ. ಎರಡು ಪ್ರಕರಣ ಪಕ್ಕ ಪಕ್ಕ ಇಟ್ಟು ನೋಡಿ.

ಮೊದಲನೆಯದು ಲಂಡನ್ನಿನದು. ಇಬ್ರಾಹಿಮಿ ಮತ್ತು ನಜರ್ ಅನ್ನುವ ಇಬ್ಬರು ಪಾಲುದಾರಿಕೆಯಲ್ಲಿ ಪರ್ಷಿಯನ್ ರತ್ನಗಂಬಳಿ ಮಾರುತ್ತಿದ್ದರು. 1958ರಲ್ಲಿ ಅದನ್ನೇ ಕಂಪನಿ ಮಾಡಿದರು. ಷೇರು ಸಮ ಸಮ. ಆಮೇಲೆ ನಜರ್ ಮಗ ಬಂದ. ಇಬ್ಬರೂ ತಮ್ಮ ಪಾಲಿನಿಂದ 100 ಷೇರು ಅವನಿಗೆ ಕೊಟ್ಟರು. ಅಲ್ಲಿಗೆ ಅಪ್ಪ ಮಗ 600, ಇಬ್ರಾಹಿಮಿ 400. ಲಾಭವನ್ನು ಡಿವಿಡೆಂಡ್ ಅಂತ ಹಂಚುತ್ತಲೇ ಇರಲಿಲ್ಲ, ಡೈರೆಕ್ಟರ್ ಸಂಬಳವಾಗಿ ತೆಗೆದುಕೊಳ್ಳುತ್ತಿದ್ದರು. 1969ರಲ್ಲಿ ಅಪ್ಪ ಮಗ ಸೇರಿ ಇಬ್ರಾಹಿಮಿಯನ್ನು ಬೋರ್ಡಿನಿಂದ ತೆಗೆದರು. ಅಲ್ಲಿಗೆ ಆತನಿಗೆ ಒಂದು ಪೆನ್ನಿಯೂ ಬರುವಂತಿರಲಿಲ್ಲ. ತೆಗೆದ ವಿಧಾನ ಕಾಯ್ದೆ ಪ್ರಕಾರ ಸರಿಯಾಗಿಯೇ ಇತ್ತು. ಆದರೂ 1972ರಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯ) ಇಬ್ರಾಹಿಮಿ ಪರ ನಿಂತು ಕಂಪನಿಯನ್ನೇ ಮುಚ್ಚಿಸಿತು. ಹೆಸರಿಗೆ ಕಂಪನಿ, ನಡೆದದ್ದು ಪರಸ್ಪರ ನಂಬಿಕೆಯ ಪಾಲುದಾರಿಕೆ. ಎಲ್ಲರೂ ಆಡಳಿತದಲ್ಲಿ ಇರುತ್ತೇವೆ ಅನ್ನುವ ಮಾತಿನ ಮೇಲೆ ಶುರುವಾದದ್ದು. ಅಂಥ ಕಡೆ ಬರೀ ಮತದ ಲೆಕ್ಕ ಸಾಲದು ಅಂದರು.

ಎರಡನೆಯದು ಟಾಟಾ ಸನ್ಸ್. 2016ರ ಅಕ್ಟೋಬರ್ 24ರಂದು ಸೈರಸ್ ಮಿಸ್ತ್ರಿ ಅವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಅವರ ಕುಟುಂಬದ ಪಾಲು ಶೇ. 18.37. 2019ರಲ್ಲಿ ಮೇಲ್ಮನವಿ ಟ್ರಿಬ್ಯೂನಲ್ ಅವರನ್ನು ವಾಪಸ್ ಕೂರಿಸಿ ಅಂದಿತು. 2021ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಒಬ್ಬರನ್ನು ಅಧ್ಯಕ್ಷ ಸ್ಥಾನದಿಂದ ತೆಗೆದ ಮಾತ್ರಕ್ಕೆ ಅದು ದಬ್ಬಾಳಿಕೆ ಆಗುವುದಿಲ್ಲ, ಇದು ಪಾಲುದಾರಿಕೆಯಂಥ ಕಂಪನಿಯೂ ಅಲ್ಲ ಅಂದಿತು.

ನಿಮ್ಮದು ಯಾವ ಕಡೆಗೆ ಹತ್ತಿರ? ಮೂವರು ಗೆಳೆಯರು, ಇಬ್ಬರು ಅಣ್ಣ ತಮ್ಮಂದಿರು, ಮನೆ ಅಡ ಇಟ್ಟು ಹಾಕಿದ ದುಡ್ಡು, ಎಲ್ಲರಿಗೂ ಒಂದೇ ಸಂಬಳ, ಎಲ್ಲರ ಸಹಿ ಇದ್ದರೇ ಚೆಕ್ ಅನ್ನುವ ಪದ್ಧತಿ ಇದ್ದರೆ ಇಬ್ರಾಹಿಮಿಯ ದಾರಿ. ಇದನ್ನೆಲ್ಲ ತೋರಿಸುವ ಹಳೆಯ ಪತ್ರ, ಪಾಲುದಾರಿಕೆ ಡೀಡ್, ಶುರುವಿನ ಬ್ಯಾಂಕ್ ಪುಸ್ತಕ ಹುಡುಕಿ. "ಒಟ್ಟಿಗೆ ಕಟ್ಟೋಣ" ಅಂತ ಹತ್ತು ವರ್ಷದ ಹಿಂದೆ ಬಂದ ಒಂದು ಇಮೇಲ್ ಇದ್ದರೂ ಅದಕ್ಕೆ ಬೆಲೆ ಇದೆ.

ನನ್ನ ಹತ್ತಿರ ಶೇ. 10 ಇಲ್ಲ. ಅರ್ಜಿ ಹಾಕಬಹುದಾ?

ಸೆಕ್ಷನ್ 244ರಲ್ಲಿ ಎರಡು ಬಾಗಿಲಿವೆ. ಒಂದು, ಷೇರು ಬಂಡವಾಳದ ಹತ್ತನೇ ಒಂದು ಭಾಗ. ಇನ್ನೊಂದು, ಸದಸ್ಯರ ಸಂಖ್ಯೆಯ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಎಂಟೇ ಜನ ಸದಸ್ಯರಿರುವ ಕಂಪನಿಯಲ್ಲಿ ನೀವೊಬ್ಬರೇ ಎಂಟನೇ ಒಂದು ಭಾಗ. ಹಾಗಾಗಿ ಶೇ. 2 ಪಾಲಿದ್ದರೂ ಹಾಕಬಹುದು. ಎರಡೂ ಆಗದಿದ್ದರೆ ವಿನಾಯಿತಿ ಕೇಳುವ ದಾರಿ ಇದೆ.

ಎಲ್ಲಿಗೆ ಹೋಗಬೇಕು? ಸಿವಿಲ್ ಕೋರ್ಟಾ, ಪೊಲೀಸಾ?

ಎನ್‌ಸಿಎಲ್‌ಟಿಗೆ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ. ಕರ್ನಾಟಕದಲ್ಲಿ ನೋಂದಣಿಯಾದ ಕಂಪನಿಗೆ ಬೆಂಗಳೂರು ಪೀಠ. ಅದರ ಕೈಯಲ್ಲಿರುವ ವಿಷಯವನ್ನು ಸಿವಿಲ್ ಕೋರ್ಟ್ ಮುಟ್ಟುವಂತಿಲ್ಲ, ಸೆಕ್ಷನ್ 430 ಅದನ್ನು ತಡೆಯುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದಲ್ಲಿ ಮೇಲ್ಮನವಿ. ನಮ್ಮ ಕಡೆಯವರಿಗೆ ಅದು ಚೆನ್ನೈ ಪೀಠ. ಸಹಿ ನಕಲು ಮಾಡಿದ್ದರೆ ಪೊಲೀಸ್ ದೂರು ಬೇರೆಯಾಗಿ ಕೊಡಬಹುದು. ಆದರೆ ಷೇರು ವಾಪಸ್ ಕೊಡಿಸುವುದು ಠಾಣೆಯ ಕೆಲಸವಲ್ಲ. ತಡ ಮಾಡಬೇಡಿ, ಮೂರು ವರ್ಷದ ಕಾಲಮಿತಿಯನ್ನು ಎದುರಿನವರು ಎತ್ತಿಯೇ ಎತ್ತುತ್ತಾರೆ.

ಗೆದ್ದರೆ ಏನು ಸಿಗುತ್ತದೆ? ಮತ್ತೆ ನನ್ನ ಕುರ್ಚಿ ಸಿಗುತ್ತದಾ?

ಸೆಕ್ಷನ್ 242 ಟ್ರಿಬ್ಯೂನಲ್‌ಗೆ ವಿಶಾಲವಾದ ಅಧಿಕಾರ ಕೊಟ್ಟಿದೆ. ಷೇರು ಹಂಚಿಕೆ ರದ್ದು ಮಾಡಬಹುದು. ಡೈರೆಕ್ಟರನ್ನು ತೆಗೆಯಬಹುದು, ನೇಮಿಸಬಹುದು. ಅಕ್ರಮವಾಗಿ ತೆಗೆದ ಹಣ ವಾಪಸ್ ಕಟ್ಟಿಸಬಹುದು. ನಿಮ್ಮ ಷೇರನ್ನು ಅವರೇ ಕೊಳ್ಳಲಿ ಅನ್ನಬಹುದು. ಕೇಸ್ ಮುಗಿಯುವವರೆಗೆ ಆಸ್ತಿ ಮಾರಬೇಡಿ, ಷೇರಿನ ಪ್ರಮಾಣ ಬದಲಾಯಿಸಬೇಡಿ ಅಂತ ಮಧ್ಯಂತರ ಆದೇಶ ಕೊಡಬಹುದು.

ಕುರ್ಚಿ ಸಿಕ್ಕರೂ, ಮುಖ ನೋಡದವರ ಜೊತೆ ದಿನಾ ಕೂರುವುದು ಎಷ್ಟು ದಿನ? ಹೆಚ್ಚಿನ ಕೇಸು ಕೊನೆಗೆ ಬಂದು ನಿಲ್ಲುವುದು ನ್ಯಾಯವಾದ ಬೆಲೆಗೆ ಷೇರು ಕೊಟ್ಟು ಹೊರಬರುವಲ್ಲಿ. ಇಂಗ್ಲೆಂಡಿನಲ್ಲಿ 1999ರ ಒ'ನೀಲ್ ಪ್ರಕರಣದಲ್ಲಿ ನ್ಯಾಯಾಧೀಶ ಲಾರ್ಡ್ ಹಾಫ್‌ಮನ್ ಇದನ್ನು ಬಿಡಿಸಿ ಹೇಳಿದ್ದರು: ಹೊರಗೆ ಹಾಕಿದವರು ನ್ಯಾಯವಾದ ಬೆಲೆ ಮುಂದಿಟ್ಟರೆ, ಹೊರಗೆ ಹಾಕಿದ್ದನ್ನೇ ಹಿಡಿದು ದೂರುವುದು ಕಷ್ಟ. ಹಾಗಾಗಿ ಅವರು ಬೆಲೆ ಹೇಳಿದರೆ ಸಿಟ್ಟಿನಿಂದ ತಳ್ಳಿಹಾಕಬೇಡಿ. ಬರವಣಿಗೆಯಲ್ಲಿ ಕೊಡಿ ಅನ್ನಿ, ಸ್ವತಂತ್ರ ನೋಂದಾಯಿತ ಮೌಲ್ಯಮಾಪಕರನ್ನು ಕೇಳಿ.

ಬೆಲೆಯಲ್ಲಿ ಎರಡು ಕಡೆ ಜಗಳ ಬರುತ್ತದೆ. ಯಾವ ತಾರೀಖಿನ ಬೆಲೆ? ಹೊರಗೆ ಹಾಕಿದ ದಿನದ್ದಾ, ಆಮೇಲೆ ಅವರು ಬೇಕಂತಲೇ ಇಳಿಸಿದ ನಂತರದ್ದಾ? ಎರಡನೆಯದು, "ಸಣ್ಣ ಪಾಲು, ಹಿಡಿತ ಇಲ್ಲ, ಅದಕ್ಕೆ ರಿಯಾಯಿತಿ ಕೊಡಿ" ಅನ್ನುವ ವಾದ. ಪಾಲುದಾರಿಕೆಯಂಥ ಕಂಪನಿಯಲ್ಲಿ ಈ ರಿಯಾಯಿತಿಗೆ ಒಪ್ಪಬೇಡಿ. ಜಾಗದ ಹಳೆಯ ಲೆಕ್ಕದ ಬೆಲೆಯನ್ನೂ ನೋಡಿ. ಪೀಣ್ಯದ ಶೆಡ್ಡು ಪುಸ್ತಕದಲ್ಲಿ ಕೊಂಡ ಕಾಲದ ಬೆಲೆಗೇ ಕೂತಿರುತ್ತದೆ.

ಸಾಲಕ್ಕೆ ನಾನು ವೈಯಕ್ತಿಕ ಗ್ಯಾರಂಟಿ ಹಾಕಿದ್ದೇನೆ. ಹೊರಗೆ ಹಾಕಿದ ಮೇಲೂ ನನ್ನ ತಲೆ ಮೇಲೇ ಇರುತ್ತದಾ?

ಇರುತ್ತದೆ, ಮತ್ತು ಇದನ್ನು ಎಲ್ಲರೂ ಮರೆಯುತ್ತಾರೆ. ಬ್ಯಾಂಕಿಗೆ ನಿಮ್ಮ ಜಗಳ ಬೇಕಿಲ್ಲ. ಕರಾರು ಕಾಯ್ದೆಯ ಸೆಕ್ಷನ್ 130ರ ಪ್ರಕಾರ, ಮುಂದುವರಿಯುವ ಗ್ಯಾರಂಟಿಯನ್ನು (ಒಂದಾದ ಮೇಲೊಂದು ವ್ಯವಹಾರಕ್ಕೆ ಅನ್ವಯಿಸುವಂಥದ್ದು) ಮುಂದಿನ ವ್ಯವಹಾರಗಳಿಗೆ ನೋಟಿಸ್ ಕೊಟ್ಟು ನಿಲ್ಲಿಸಬಹುದು. ಈಗಾಗಲೇ ಎತ್ತಿದ ಸಾಲಕ್ಕೆ ನೀವು ಹೊಣೆಯೇ. ನೋಟಿಸ್ ಕೊಡುವ ಮೊದಲು ಗ್ಯಾರಂಟಿ ಪತ್ರವನ್ನು ವಕೀಲರಿಗೆ ತೋರಿಸಿ. ರಾಜಿ ಆದರೆ ಷೇರಿನ ಚೆಕ್ ಮತ್ತು ಬ್ಯಾಂಕಿನ ಬಿಡುಗಡೆ ಪತ್ರ ಎರಡೂ ಒಂದೇ ದಿನ ಕೈಗೆ ಬರಬೇಕು.

ಅಪ್ಪ ತೀರಿಕೊಂಡರು. ಅವರ ಷೇರನ್ನು ಅಣ್ಣಂದಿರು ನನ್ನ ಹೆಸರಿಗೆ ಮಾಡುತ್ತಿಲ್ಲ. ನಾನು ಮಗಳು, ಏನಾದರೂ ಮಾಡಬಹುದಾ?

ಖಂಡಿತ. ತೀರಿಕೊಂಡ ಸದಸ್ಯರ ವಾರಸುದಾರರು, ರಿಜಿಸ್ಟರಿನಲ್ಲಿ ಹೆಸರು ಬರುವ ಮೊದಲೇ, ದಬ್ಬಾಳಿಕೆ ಅರ್ಜಿ ಹಾಕಬಹುದು ಅಂತ ಸುಪ್ರೀಂ ಕೋರ್ಟ್ ವರ್ಲ್ಡ್ ವೈಡ್ ಏಜೆನ್ಸೀಸ್ ಪ್ರಕರಣದಲ್ಲಿ ಹೇಳಿದೆ. ಮೊದಲು ಮರಣ ಪ್ರಮಾಣಪತ್ರ, ವಾರಸು ದಾಖಲೆ ಲಗತ್ತಿಸಿ ಕಂಪನಿಗೆ ಬರವಣಿಗೆಯಲ್ಲಿ ಕೇಳಿ. "ಮನೆ ವಿಷಯ, ಕೂತು ಮಾತಾಡೋಣಮ್ಮ" ಅಂದರೆ ಮಾತಾಡಿ. ಮಾತಾಡಿದ ಮೇಲೆ ಅದನ್ನೇ ಇಮೇಲ್‌ನಲ್ಲಿ ಬರೆದು ಹಾಕಿ.

ನಾನು ಈಗ ಅದೇ ವ್ಯಾಪಾರದಲ್ಲಿ ಹೊಸ ಕಂಪನಿ ಶುರು ಮಾಡಲಾ?

ದಾಖಲೆಯಲ್ಲಿ ಡೈರೆಕ್ಟರ್ ಆಗಿರುವವರೆಗೆ ಬೇಡ. ಸೆಕ್ಷನ್ 166ರ ಪ್ರಕಾರ ಕಂಪನಿಯ ಹಿತ ಕಾಯುವ ಹೊಣೆ ನಿಮ್ಮ ಮೇಲೆ ಇರುತ್ತದೆ. ಗ್ರಾಹಕರನ್ನು ಎಳೆದುಕೊಂಡರೆ "ಅದಕ್ಕೇ ತೆಗೆದೆವು" ಅಂತ ಅವರು ಹೇಳಲು ನೀವೇ ಕಾರಣ ಕೊಟ್ಟ ಹಾಗೆ.

ನಾವು ಈಗಷ್ಟೇ ಕಂಪನಿ ಶುರು ಮಾಡುತ್ತಿದ್ದೇವೆ. ಮೊದಲೇ ಏನು ಬರೆದಿಡಬೇಕು?

ಯಾರು ಎಷ್ಟು ದಿನ ಡೈರೆಕ್ಟರ್, ಯಾವ ನಿರ್ಧಾರಕ್ಕೆ ಎಲ್ಲರ ಒಪ್ಪಿಗೆ ಬೇಕು, ಒಬ್ಬರು ಹೊರಟರೆ ಬೆಲೆ ಹೇಗೆ ಕಟ್ಟುವುದು. ಇದನ್ನು ಬೇರೆ ಸ್ಟಾಂಪ್ ಪೇಪರಿನಲ್ಲಿ ಮಾತ್ರ ಬರೆದಿಡಬೇಡಿ, ಆರ್ಟಿಕಲ್ಸ್‌ನಲ್ಲೇ ಸೇರಿಸಿ. ಎರಡು ಕುಟುಂಬಗಳ ಒಪ್ಪಂದ ಆರ್ಟಿಕಲ್ಸ್‌ನಲ್ಲಿ ಇರಲಿಲ್ಲ ಅಂತಲೇ ರಂಗರಾಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಬೆಲೆ ಕೊಡಲಿಲ್ಲ.

ಎಷ್ಟು ದಿನ ಹಿಡಿಯುತ್ತದೆ? ನಿಮಗೆ ಕೊನೆಗೆ ಏನು ಸಿಕ್ಕಿತು?

ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನನಗೆ ಎರಡು ವರ್ಷ ಏಳು ತಿಂಗಳು ಹಿಡಿಯಿತು. ಅದೂ ರಾಜಿಯಲ್ಲಿ ಮುಗಿದದ್ದಕ್ಕೆ. ಸುಳ್ಳು ನಡಾವಳಿ ಹೊರಬಂದ ಮೇಲೆ ಅವರೇ ಮಾತುಕತೆಗೆ ಬಂದರು. ಹೊಸ ಷೇರು ಹಂಚಿಕೆ ರದ್ದಾಯಿತು. ನನ್ನ ಶೇ. 30ಕ್ಕೆ ಸ್ವತಂತ್ರ ಮೌಲ್ಯಮಾಪಕರು ಕಟ್ಟಿದ ಬೆಲೆ ನಾಲ್ಕು ಕಂತಿನಲ್ಲಿ ಬಂತು. ಮನೆ ಮೇಲಿದ್ದ ಗ್ಯಾರಂಟಿ ಬಿಟ್ಟಿತು.

ಕೊನೆಯ ಕಂತಿನ ದಿನ ಸಹಿ ಹಾಕಲು ಅದೇ ಗೇಟಿಗೆ ಹೋಗಿದ್ದೆ. ಸೆಕ್ಯುರಿಟಿಯವರು ಅವರೇ ಇದ್ದರು. ಈ ಸಲ ಮುಖ ನೋಡಿ, "ಕಾಫಿ ಕುಡ್ಕೊಂಡು ಹೋಗಿ ಸಾರ್" ಅಂದರು. ಅವರ ಜೊತೆ ನಿಂತು ಕುಡಿದು ಬಂದೆ.